ಎರಡು ತುತ್ತಿಗೇ ಹೊಟ್ಟೆ ಉಬ್ಬಿತು ಅಂತಾಳೆ ತಂಗಿ, ಏನು ಮಾಡಲಿ?

ಕುಮಟಾದಿಂದ: ತಂಗಿಗೆ 19 ವರ್ಷ. ಡಾಕ್ಟರು ಅನೊರೆಕ್ಸಿಯಾ (ದಪ್ಪ ಆಗುವ ಭಯಕ್ಕೆ ಊಟ ಬಿಡುವ ಮಾನಸಿಕ ಕಾಯಿಲೆ) ಎಂದಿದ್ದಾರೆ. ಊಟಕ್ಕೆ ಕರೆದರೆ ಅವಳ ಕೈ ತಣ್ಣಗಾಗುತ್ತದೆ. ಎರಡು ತುತ್ತಿಗೇ ಹೊಟ್ಟೆ ಉಬ್ಬಿತು ಅಂತ ಅಳುತ್ತಾಳೆ. ಮನೆಯವರು ನಾಟಕ ಅನ್ನುತ್ತಾರೆ. ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ.

ಶಿರಸಿಯಿಂದ: ನಾಟಕ ಖಂಡಿತ ಅಲ್ಲ ಅಕ್ಕ. ಕಾಲೇಜಿನಲ್ಲಿ ಎರಡು ವರ್ಷ ನಾನೂ ಹಾಗೇ ಇದ್ದೆ. ಬಹಳ ದಿನ ಕಡಿಮೆ ತಿಂದರೆ ಜಠರದ ಕೆಲಸವೇ ನಿಧಾನ ಆಗುತ್ತದೆ. ತಿಂದದ್ದು ಬೇಗ ಕೆಳಗಿಳಿಯುವುದಿಲ್ಲ. ಅರ್ಧ ಬಟ್ಟಲು ಗಂಜಿ ಕುಡಿದರೂ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗೆ. ಆ ಉಬ್ಬರವನ್ನೇ ನಾನು ದಪ್ಪ ಆದೆ ಅಂದುಕೊಂಡು ಮುಂದಿನ ಊಟ ಬಿಡುತ್ತಿದ್ದೆ. ಬಿಟ್ಟಷ್ಟೂ ಉಬ್ಬರ ಜಾಸ್ತಿ. ಡಾಕ್ಟರು ಬಿಡಿಸಿ ಹೇಳುವವರೆಗೆ ಇದು ಗೊತ್ತೇ ಇರಲಿಲ್ಲ. ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನುತ್ತಾ ಹೋದೆ. ಕೆಲವು ವಾರಕ್ಕೆ ಹಗುರಾಯಿತು.

1945ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಗಂಡಸರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಅವರಿಗೂ ಚಳಿ, ಸಿಡುಕು, ದಿನವಿಡೀ ಊಟದ್ದೇ ಯೋಚನೆ. ಇದನ್ನು ಮನೆಯವರಿಗೆ ಓದಿ ಹೇಳಿ.

ನನ್ನ ಆಯಿ ಪಕ್ಕದಲ್ಲೇ ಕೂತು ತಾನೂ ಉಣ್ಣುತ್ತಿದ್ದಳು. ನನ್ನ ತಟ್ಟೆ ನೋಡುತ್ತಿರಲಿಲ್ಲ. ತೋಟದ ಸುದ್ದಿ, ಅಡಿಕೆ ಕೊಯ್ಲಿನ ಸುದ್ದಿ ಹೇಳುತ್ತಿದ್ದಳು. ಒಂದೆಲಗದ ತಂಬುಳಿ ಅನ್ನ ಮೊದಲು ಒಗ್ಗಿತು. ಉಂಡ ಮೇಲಿನ ಅರ್ಧ ಗಂಟೆ ತುಂಬಾ ಕಷ್ಟ. ಆಗ ಜಗಲಿಯಲ್ಲಿ ಇಬ್ಬರೂ ಹೂವು ಕಟ್ಟುತ್ತಿದ್ದೆವು. ಮತ್ತೆ, ಈಗ ಮೈಕೈ ತುಂಬಿಕೊಂಡಿದ್ದೀಯ ಅಂತ ಯಾರೂ ಹೊಗಳದ ಹಾಗೆ ನೋಡಿಕೊಳ್ಳಿ. ಒಂದು ಮದುವೆ ಮನೆಯಲ್ಲಿ ಆ ಮಾತು ಕೇಳಿ, ಅವತ್ತು ರಾತ್ರಿ ನಾನು ಮತ್ತೆ ಊಟ ಬಿಟ್ಟೆ.

ಕಾರವಾರದಿಂದ: ಒಂದು ಎಚ್ಚರಿಕೆ. ಬಹಳ ಸೊರಗಿದ್ದರೆ ಒಮ್ಮೆಲೇ ಜಾಸ್ತಿ ತಿನ್ನಿಸಬೇಡಿ. ರಕ್ತದಲ್ಲಿ ಫಾಸ್ಫೇಟ್ ಎಂಬ ಲವಣ ಕುಸಿದು ಹೃದಯಕ್ಕೇ ಅಪಾಯ ಆಗಬಹುದು. ಎಷ್ಟು ಕೊಡಬೇಕು ಅಂತ ಡಾಕ್ಟರನ್ನು ಕೇಳಿ, ರಕ್ತ ಪರೀಕ್ಷೆ ಮಾಡಿಸಿ.

ನನ್ನದು ಬೇರೆ ಥರ, ತಿಂದು ವಾಂತಿ ಮಾಡುವುದು. ಬಂಗಡೆ ಹುರಿಯುವ ವಾಸನೆಗೆ ಬಾಯಲ್ಲಿ ನೀರು ಬರುತ್ತಿತ್ತು, ಅದರ ಹಿಂದೆಯೇ ಭಯ. ತಂಗಿಯೂ ವಾಂತಿ ಮಾಡುತ್ತಿದ್ದಾಳಾ ಅಂತ ಮೆಲ್ಲಗೆ ಕೇಳಿ. ವಾಂತಿಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಇಳಿಯುತ್ತದೆ, ಅದೂ ಹೃದಯಕ್ಕೆ ಅಪಾಯ. ಎದೆ ಡವಗುಟ್ಟಿದರೆ, ತಲೆ ಸುತ್ತಿ ಬಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಮಾನಸಿಕ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಇದೆ, ಟೆಲಿ ಮಾನಸ್, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ. ನಾನು ಮೊದಲ ಸಲ ಮಾಡಿದಾಗ ಮಾತೇ ಬರಲಿಲ್ಲ, ಸುಮ್ನೆ ಅತ್ತೆ. ಆ ಕಡೆಯವರು ಫೋನ್ ಇಡದೆ ಕಾದರು.