ಪಾನ್‌ಫೋರ್ತೆ ಮಾಡಲು ಹೋದೆ, ಚಾಕು ಇಳಿಯುತ್ತಿಲ್ಲ

ಮೆಣಸಿನಬಳ್ಳಿ (ಸೋಮವಾರಪೇಟೆ):
ಪ್ಲಮ್ ಕೇಕು ನನಗೆ ಕೈಬಂದದ್ದು, ಪ್ರತಿ ಡಿಸೆಂಬರಿಗೂ ಮಾಡ್ತೀನಿ. ಈ ಸಲ ತಂಗಿ ಮಗಳು ಇಟಲಿಯ ಸಿಯೆನಾದಿಂದ ಪಾನ್‌ಫೋರ್ತೆ ತಂದಿದ್ಲು. ಚಪ್ಪಟೆ ಬಿಲ್ಲೆ, ಮೇಲೆ ಸಕ್ಕರೆ ಪುಡಿ. ಕಚ್ಚಿದ್ರೆ ಬಾದಾಮಿ, ಕಿತ್ತಳೆ ಸಿಪ್ಪೆ, ಜೇನು. ಆಮೇಲೆ ಗಂಟಲಲ್ಲಿ ಚಕ್ಕೆ, ಲವಂಗ. ಮೊಟ್ಟೆ ಇಲ್ಲ, ಈಸ್ಟೂ ಇಲ್ಲ. ಬಾದಾಮಿ, ಮೈದಾ ಬಿಟ್ರೆ ಹೆಚ್ಚುಕಮ್ಮಿ ಎಲ್ಲ ನಮ್ಮ ಕಡೇದೇ ಅಲ್ವಾ ಅಂತ ಆಸೆಬಿದ್ದೆ. ಜೇನು, ಸಕ್ಕರೆ ಚೆನ್ನಾಗಿ ಕುದಿಸಿ ಕಲಸಿ, 180 ಡಿಗ್ರಿಯಲ್ಲಿ 50 ನಿಮಿಷ ಇಟ್ಟೆ. ತಣ್ಣಗಾದ ಮೇಲೆ ನಮ್ಮವರು ತೋಟದ ಕತ್ತಿ ತಂದ್ರು. ಎಲ್ಲಿ ತಪ್ಪಿದೆ?

ಗೋಣಿಕೊಪ್ಪದವಳು:
ಪಾಕ ಮೀರಿದೆ ಅಕ್ಕ. ಚಿಕ್ಕಿ ಪಾಕ ಮಾಡಿಬಿಟ್ಟಿದ್ದೀರಿ, ಇದಕ್ಕೆ ಬೇಕಾದ್ದು ಉಂಡೆ ಪಾಕ. ತಣ್ಣೀರಿಗೆ ಒಂದು ಹನಿ ಬಿಡಿ. ಬೆರಳಲ್ಲಿ ಮೆತ್ತಗೆ ಉಂಡೆ ಕಟ್ಟಬೇಕು, ಬಟ್ಟಲಿಗೆ ಟಣ್ ಅನ್ನಬಾರದು. ಥರ್ಮಾಮೀಟರ್ ಇದ್ರೆ 115 ಡಿಗ್ರಿ. ಓವನ್ 150ಕ್ಕೆ ಇಳಿಸಿ, ಅರ್ಧ ಗಂಟೆ ಸಾಕು. ನಡುವೆ ಮೆತ್ತಗಿರುವಾಗಲೇ ತೆಗೀಬೇಕು, ಆರಿದ ಮೇಲೆ ತಾನೇ ಗಟ್ಟಿಯಾಗುತ್ತೆ. ಇನ್ನೊಂದು, ನಮ್ಮ ಕಿತ್ತಳೆ ಸಿಪ್ಪೆ ತೀರಾ ತೆಳು, ಸಕ್ಕರೆಯಲ್ಲಿ ಬೆಂದು ಚರ್ಮದ ಹಾಗಾಗುತ್ತೆ. ಹೇರಳೆಕಾಯಿದೋ ಮಾದಳದ್ದೋ ದಪ್ಪ ಸಿಪ್ಪೆ ಹಾಕಿ. ಅಲ್ಲಿಯೂ ಮಾದಳದಂಥದ್ದೇ ಹಾಕೋದು.

ಹಳೇ ಕಾಗದ:
ಕಾಳುಮೆಣಸು ಹಾಕಿದ್ರಾ? ನಿಮ್ಮ ಹೆಸರು ನೋಡಿ ಕೇಳ್ತಿದ್ದೀನಿ. ಸಕ್ಕರೆ ಪುಡಿ ಉದುರಿಸಿದ ಬಿಳಿ ಬಿಲ್ಲೆ ಈಚಿನದು, 1879ರಲ್ಲಿ ರಾಣಿ ಮಾರ್ಗೆರೀತಾ ಸಿಯೆನಾಕ್ಕೆ ಬಂದಾಗ ಮಾಡಿದ್ದು. ಅದಕ್ಕೂ ಹಳೇದು ಮೆಣಸಿನ ಕರಿ ಬಿಲ್ಲೆ, ಪಾನ್‌ಪೆಪಾತೊ. ಮಠದ ಒಕ್ಕಲುಗಳು ಜೇನು, ಮಸಾಲೆಯ ರೊಟ್ಟಿಯನ್ನು ಕಾಣಿಕೆಯಾಗಿ ಕೊಡ್ತಿದ್ದರು ಅನ್ನೋ ಸಿಯೆನಾದ ದಾಖಲೆ 1205ರದ್ದು. ಆ ಕಾಲಕ್ಕೆ ಯುರೋಪಿಗೆ ಮೆಣಸು ಹೋಗ್ತಿದ್ದದ್ದೇ ನಮ್ಮ ಘಟ್ಟದ ಕೆಳಗಿನ ಮಲಬಾರಿಂದ. ನಮ್ಮ ಮೆಣಸು ಬಿಟ್ಟು ಅವರ ಸಕ್ಕರೆ ಪುಡಿ ಹಿಡಿದ್ರಲ್ಲ!

ಕುಶಾಲನಗರ:
ಡಬ್ಬದಲ್ಲಿ ಬರೋ ಎತ್ತರದ ಇಟಲಿ ಕೇಕು ಇದೇನಾ?

ಗೋಣಿಕೊಪ್ಪದವಳು:
ಅಲ್ಲ, ಅದು ಮಿಲಾನಿನ ಪಾನೆತ್ತೋನೆ. ಈಸ್ಟ್ ಹಾಕಿ ಉಬ್ಬಿಸೋದು. ಬೆಂದ ಮೇಲೆ ಕುಸೀದಿರಲಿ ಅಂತ ತಲೆಕೆಳಗೆ ನೇತುಹಾಕ್ತಾರೆ, ಬಾವಲಿ ಥರ.

ಮೆಣಸಿನಬಳ್ಳಿ:
ಎರಡನೇದು ಆಯ್ತು. ಉಂಡೆ ಪಾಕ, ಹೇರಳೆ ಸಿಪ್ಪೆ, ನಮ್ಮದೇ ಮೆಣಸು ಒಂದು ಚಮಚ ತರಿತರಿ ಕುಟ್ಟಿ ಹಾಕಿದೆ. ಅತ್ತೆ ಒಂದು ಚೂರು ತಿಂದು, ‘ಕೆಮ್ಮಿನ ಕಷಾಯ ಗಟ್ಟಿ ಮಾಡಿದ್ಯಾ?’ ಅಂದ್ರು. ಆಮೇಲೆ ಇನ್ನೆರಡು ಚೂರು ಕೇಳಿ ತಗೊಂಡ್ರು. ಮೊದಲನೇ ಬಿಲ್ಲೆ ಸುತ್ತಿಗೆಯಲ್ಲಿ ಒಡೆದು, ಸಂಜೆ ಕಾಫಿ ಜೊತೆ ಚೀಪ್ತಿದ್ದೀವಿ.