ರಕ್ಷಣಾ ಪ್ರಯೋಗಾಲಯದಲ್ಲಿದ್ದ ತಂದೆಯವರ ಕೆಲಸದ ದಾಖಲೆ ಸಿಗುವುದೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ನಮ್ಮ ತಂದೆಯವರು ಬೆಂಗಳೂರಿನ ರಕ್ಷಣಾ ಪ್ರಯೋಗಾಲಯವೊಂದರಲ್ಲಿ ಫಿಟ್ಟರ್ ಆಗಿದ್ದು 1996ರಲ್ಲಿ ನಿವೃತ್ತರಾದರು, ಈಗ ಅವರಿಲ್ಲ. ಯಾವ ಯೋಜನೆಗಾಗಿ ದುಡಿದರೆಂದು ಮಾಹಿತಿ ಹಕ್ಕಿನಡಿ ಕೇಳಬಹುದೇ?

ತುಮಕೂರಿನ ಅಳಿಯ: ನನ್ನ ಮಾವನವರ ವಿಷಯದಲ್ಲಿ ಇದೇ ಹಾದಿ ಹಿಡಿದು ಎರಡೂವರೆ ವರ್ಷ ಕಳೆದುಕೊಂಡೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರಿನಲ್ಲಿ ಅಧಿಕಾರಿಯ ಪದನಾಮ ತಪ್ಪಾಗಿದೆಯೆಂದು ಮೊದಲ ಅರ್ಜಿ ಹಿಂದಿರುಗಿತು. ಎರಡನೆಯದಕ್ಕೆ, ಮೂವತ್ತು ದಿನದ ಗಡುವಿಗೆ ಒಂದೇ ದಿನ ಉಳಿದಿರುವಾಗ, ಮಾಹಿತಿ ಹಕ್ಕು ಕಾಯ್ದೆಯ ಕಲಂ 24ರ ಪ್ರಕಾರ ಸಂಸ್ಥೆಗೆ ಮಾಹಿತಿ ಕೊಡುವುದರಿಂದ ವಿನಾಯಿತಿ ಇದೆಯೆಂಬ ಎರಡು ಸಾಲಿನ ಉತ್ತರ ಬಂತು. ಎರಡು ಮೇಲ್ಮನವಿ, ಸ್ಪೀಡ್ ಪೋಸ್ಟ್, ಜೆರಾಕ್ಸ್, ಬೆಂಗಳೂರಿಗೆ ಐದು ಸಲ ಬಸ್ಸು, ಮೂರು ದಿನದ ಸಂಬಳ ಕಡಿತ ಎಲ್ಲ ಸೇರಿ 4,860 ರೂಪಾಯಿ. ಲೆಕ್ಕದ ಚೀಟಿ ಈಗಲೂ ನನ್ನ ಬಳಿ ಇದೆ. ಮಾಹಿತಿ ಆಯೋಗದ ವಿಚಾರಣೆ ವಿಡಿಯೋ ಮೂಲಕ ಏಳು ನಿಮಿಷ ನಡೆಯಿತು, ಅದರಲ್ಲಿ ಎರಡು ನಿಮಿಷ ಧ್ವನಿಯೇ ಕೇಳಿಸಲಿಲ್ಲ.

ನಿವೃತ್ತ ತಾಂತ್ರಿಕ ಸಹಾಯಕ: ಕೊಡದಿದ್ದುದೇ ಸರಿ. ನಾನು ಅಂಥ ಕಡೆ ಮೂವತ್ತೊಂದು ವರ್ಷ ಇದ್ದವನು. ಬೆಳಿಗ್ಗೆ ಸಹಿ ಮಾಡಿ ಪಡೆದ ನಕ್ಷೆಯನ್ನು ಸಂಜೆ ಹಾಳೆ ಎಣಿಸಿ ಒಪ್ಪಿಸಿದ ಮೇಲೆಯೇ ಬೀರುವಿಗೆ ಅರಗಿನ ಮುದ್ರೆ ಬೀಳುತ್ತಿತ್ತು. ನನ್ನ ಹಾಳೆಯಲ್ಲಿದ್ದುದು ಒಂದು ಫ್ಲೇಂಜ್, ಅಂದರೆ ಭಾಗಗಳನ್ನು ಜೋಡಿಸುವ ಅಂಚುಬಳೆ, ಮಾತ್ರ. ಅದು ಯಾವ ಯಂತ್ರಕ್ಕೆ ಸೇರುತ್ತದೆಂಬುದು ಪಕ್ಕದ ಮೇಜಿನವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎಷ್ಟು ದೊಡ್ಡ ದರ್ಜೆಯ ಅನುಮತಿ ಇದ್ದವರಿಗೂ ಅವರ ಕೆಲಸಕ್ಕೆ ಬೇಕಾದಷ್ಟನ್ನೇ ತೋರಿಸುತ್ತಿದ್ದರು. ನಿವೃತ್ತಿಯಾದರೂ ಸರ್ಕಾರದ ಗುಟ್ಟನ್ನು ಹೊರಗೆ ಹೇಳುವುದನ್ನು ಅಪರಾಧವೆನ್ನುವ 1923ರ ಅಧಿಕೃತ ರಹಸ್ಯ ಕಾಯ್ದೆಯ ಕಲಂ 5 ನಮ್ಮನ್ನು ಬಿಡುವುದಿಲ್ಲ. ಸಾಲದ್ದಕ್ಕೆ 2021ರ ಮೇ 31ರ ಪಿಂಚಣಿ ನಿಯಮದ ತಿದ್ದುಪಡಿಯ ಪ್ರಕಾರ, ವಿನಾಯಿತಿ ಪಟ್ಟಿಯಲ್ಲಿರುವ ಭದ್ರತಾ ಸಂಸ್ಥೆಗಳ ನಿವೃತ್ತರು ಸಂಸ್ಥೆಯ ಕಾರ್ಯಕ್ಷೇತ್ರದ ಬಗ್ಗೆ ಪೂರ್ವಾನುಮತಿಯಿಲ್ಲದೆ ಏನನ್ನೂ ಪ್ರಕಟಿಸುವಂತಿಲ್ಲ.

ತುಮಕೂರಿನ ಅಳಿಯ: ಹಾಗಾದರೆ ಈ ಫ್ಲೇಂಜಿನ ಕಥೆಗೆ ತಾವು ಅನುಮತಿ ಪಡೆದಿದ್ದೀರಾ, ಸ್ವಾಮಿ?

ಶಿವಮೊಗ್ಗದ ವಕೀಲ: ನಾನು ನಾಲ್ಕು ಅರ್ಜಿ ಹಾಕಿ ಒಂದರಲ್ಲಿ ಗೆದ್ದವನು. ಕಲಂ 22ರ ಪ್ರಕಾರ ಮಾಹಿತಿ ಹಕ್ಕು ರಹಸ್ಯ ಕಾಯ್ದೆಗಿಂತ ಮೇಲು. ಇಪ್ಪತ್ತು ವರ್ಷ ದಾಟಿದ ಮಾಹಿತಿಯನ್ನು ಕೊಡಲೇಬೇಕು.

ನಿವೃತ್ತ ತಾಂತ್ರಿಕ ಸಹಾಯಕ: ವಕೀಲರೇ, ಕಲಂ 8(3)ನ್ನು ಕೊನೆಯ ಸಾಲಿನವರೆಗೆ ಓದಿ. ದೇಶದ ಭದ್ರತೆಗೆ ಸಂಬಂಧಿಸಿದ ವಿನಾಯಿತಿ ಇಪ್ಪತ್ತು ವರ್ಷಕ್ಕೆ ಮುಗಿಯುವುದಿಲ್ಲ. 1962ರ ಯುದ್ಧದ ಸೋಲಿನ ಕುರಿತ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು 2010ರಲ್ಲಿಯೂ ಆಯೋಗ ಕೊಡಿಸಲಿಲ್ಲ.

ಶಿವಮೊಗ್ಗದ ವಕೀಲ: ಆ ವರದಿಯ ಮೊದಲ ಸಂಪುಟದ ಬಹುಭಾಗವನ್ನು 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅಂತರ್ಜಾಲಕ್ಕೇ ಏರಿಸಿದರು. ಲೋಕವೆಲ್ಲ ಓದಿದ್ದನ್ನು ಬೀರುವಿನಲ್ಲಿಟ್ಟು ಅರಗು ಹಾಕುವುದನ್ನು ಭದ್ರತೆಯೆನ್ನುವುದೇ?

ನಿವೃತ್ತ ತಾಂತ್ರಿಕ ಸಹಾಯಕ: ಯುದ್ಧದ ವಿಮರ್ಶೆಯೂ ಯಂತ್ರದ ನಕ್ಷೆಯೂ ಒಂದೇ ಎನ್ನುವವರೊಡನೆ ವಾದಿಸಲಾರೆ.

ಹಾಸನದ ಗೃಹಿಣಿ: ನಿಮ್ಮ ಜಗಳ ಆಮೇಲಾಗಲಿ. ನಮ್ಮ ಅತ್ತೆಯವರು ಕುಟುಂಬ ಪಿಂಚಣಿದಾರರೆಂದು ಆಡಳಿತ ವಿಭಾಗಕ್ಕೆ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಟ್ಟು ಸೇವಾ ಪುಸ್ತಕದ ನಕಲು ಪಡೆದರು. ಖರ್ಚಾದದ್ದು ಆಟೋ ಬಾಡಿಗೆ ಮಾತ್ರ. ಅದರಲ್ಲಿ ವಿಭಾಗದ ಸಂಖ್ಯೆ, ರಜೆ, ಬಡ್ತಿ ಎಲ್ಲ ಇದ್ದವು, ಯೋಜನೆಯ ಹೆಸರೊಂದು ಬಿಟ್ಟು.

ತುಮಕೂರಿನ ಅಳಿಯ: ಇದನ್ನು ನನಗೆ ಆಗಲೇ ಯಾರಾದರೂ ಹೇಳಬಾರದಿತ್ತೇ?