ಮೊದಲ ಸಲ ಐಸಿಯು ಪೋಸ್ಟಿಂಗ್: ಶಿವಮೊಗ್ಗದಲ್ಲಿ ನಾನು ಕಲಿತಿದ್ದು

"ಮುಂದಿನ ವಾರ ಐಸಿಯು ಪೋಸ್ಟಿಂಗ್ ಶುರು. ವೆಂಟಿಲೇಟರ್ ಅಲಾರಂ ನೆನೆಸಿಕೊಂಡರೇ ಭಯ. ಏನು ಓದಿಕೊಂಡು ಹೋಗಲಿ ಅಕ್ಕ?" ಅಂತ ಕೇಳಿದ್ದೀಯ. ನಾನು ಹೋದ ವರ್ಷ ಶಿವಮೊಗ್ಗದಲ್ಲೇ ಈ ಪೋಸ್ಟಿಂಗ್ ಮುಗಿಸಿದೆ. ನನಗೆ ಗೊತ್ತಾಗಿದ್ದು ಹೇಳುತ್ತೇನೆ, ಉಳಿದವರೂ ಸೇರಿಸಲಿ.

ಅಲಾರಂ ಹೊಡೆದಾಗ ಕಣ್ಣು ಮೊದಲು ರೋಗಿಯ ಕಡೆ ಹೋಗಲಿ. ಎದೆ ಏರಿಳಿಯುತ್ತಿದೆಯಾ, ತುಟಿಯ ಬಣ್ಣ ಹೇಗಿದೆ, ಉಸಿರಾಟದ ಟ್ಯೂಬ್ ಜಾಗದಲ್ಲೇ ಇದೆಯಾ ನೋಡು. ಹೈ ಪ್ರೆಶರ್ ಅಲಾರಂ ಅಂದರೆ ಹೆಚ್ಚಾಗಿ ಕಫ ಕಟ್ಟಿರುತ್ತದೆ, ಟ್ಯೂಬ್ ಮಡಚಿರುತ್ತದೆ, ಇಲ್ಲವೇ ರೋಗಿ ಕಚ್ಚಿ ಹಿಡಿದಿರುತ್ತಾರೆ. ಲೋ ಪ್ರೆಶರ್ ಅಲಾರಂ ಅಂದರೆ ಎಲ್ಲೋ ಕಳಚಿದೆ ಅಥವಾ ಗಾಳಿ ಸೋರುತ್ತಿದೆ. ಸುಮ್ನೆ ಸೈಲೆಂಟ್ ಒತ್ತಬೇಡ. ತಕ್ಷಣ ಸಿಸ್ಟರ್‌ನ ಕರೆ.

ಓದುವುದಾದರೆ ನಮ್ಮ ಕಡೆ ಬರುವ ಕೇಸ್‌ಗಳನ್ನೇ ಮೊದಲು ಓದು. ಕೀಟನಾಶಕ ಕುಡಿದವರು ಬರುತ್ತಾರೆ. ಆ ವಿಷಕ್ಕೆ ಕೊಡುವ ಅಟ್ರೋಪಿನ್ ಔಷಧ ಹೋಗುತ್ತಿರುವಾಗ ಎದೆಯಲ್ಲಿ ಗೊರಗೊರ ಶಬ್ದ ಕಡಿಮೆ ಆಯಿತಾ, ನಾಡಿ ಎಷ್ಟಿದೆ ಅಂತ ನೋಡುತ್ತಲೇ ಇರಬೇಕು. ಜ್ವರ, ಬಡಬಡಿಕೆ ಶುರುವಾದರೆ ಅಟ್ರೋಪಿನ್ ಜಾಸ್ತಿ ಆಗಿರಬಹುದು, ಹೇಳಿಬಿಡು. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಇದು ಮೊದಲು ಕಂಡಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ವೈರಸ್‌ಗೆಂದೇ ಔಷಧ ಇಲ್ಲ, ಹಾಗಾಗಿ ನಾವು ನೋಡಿಕೊಳ್ಳುವುದೇ ದೊಡ್ಡ ಚಿಕಿತ್ಸೆ. ವಸಡಿನಲ್ಲಿ, ಮೂತ್ರದಲ್ಲಿ, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಕಾಣುತ್ತಿದೆಯಾ ಅಂತ ಪ್ರತಿ ಸಲ ನೋಡು.

ನನಗೆ ಜಾಸ್ತಿ ಕಲಿಸಿದ್ದು ಕಟ್ಟುಹಾವು ಕಚ್ಚಿದವರು. ನೆಲದ ಮೇಲೆ ಮಲಗಿದ್ದಾಗ ರಾತ್ರಿ ಕಚ್ಚಿರುತ್ತದೆ, ಗಾಯ ಕಾಣುವುದೇ ಕಷ್ಟ. ಬೆಳಗ್ಗೆ ಹೊಟ್ಟೆನೋವು ಅಂತಾರೆ, ಆಮೇಲೆ ರೆಪ್ಪೆ ಜೋಲುತ್ತದೆ, ಕೊನೆಗೆ ಉಸಿರಾಡುವ ಸ್ನಾಯುಗಳೂ ಸೋಲುತ್ತವೆ. ಹಾಗೆ ಆದಮೇಲೆ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಕೊಟ್ಟರೂ ಶಕ್ತಿ ಕೂಡಲೇ ವಾಪಸ್ ಬರುವುದಿಲ್ಲ. ನರದ ತುದಿ ಚೇತರಿಸಿಕೊಳ್ಳುವ ತನಕ ವೆಂಟಿಲೇಟರ್ರೇ ಆಧಾರ. ಕಣ್ಣಿನ ಪಾಪೆಯೂ ಬೆಳಕಿಗೆ ಅಲುಗದೆ ಇರಬಹುದು. ನೋಡಿದವರು "ಇನ್ನೇನಿಲ್ಲ" ಅಂದುಕೊಳ್ಳುತ್ತಾರೆ. ಆದರೆ ಆ ರೋಗಿಗೆ ಎಲ್ಲ ಕೇಳಿಸುತ್ತಿರಬಹುದು! ಅವರ ಮಂಚದ ಹತ್ತಿರ ನಿಂತು "ಉಳಿಯೋದು ಕಷ್ಟ" ಅನ್ನುವ ಮಾತು ದಯವಿಟ್ಟು ಬೇಡ. ಹೀಗೆ ಮಲಗಿದ್ದ ಒಬ್ಬ ಅಮ್ಮನಿಗೆ, ಹೊರಗೆ ಕೂತಿದ್ದ ಮಗಳು ಹೇಳಿದ ಸುದ್ದಿಯನ್ನು ಕಿವಿ ಹತ್ತಿರ ಹೇಳಿದ್ದೆ: ಮನೆಯಲ್ಲಿ ಹಸು ಕರು ಹಾಕಿದೆ ಅಂತ. ಟ್ಯೂಬ್ ತೆಗೆದು ಮಾತು ಬಂದಮೇಲೆ ಅವರು ನನ್ನ ಕೇಳಿದ್ದು, "ಹೆಣ್ಣು ಕರುನಾ ಮಗಾ?" ಸಕ್ಷನ್ (ಟ್ಯೂಬ್‌ನಿಂದ ಕಫ ಎಳೆದು ತೆಗೆಯುವುದು) ಮಾಡುವ ಮುಂಚೆ, ಮಗ್ಗುಲು ತಿರುಗಿಸುವ ಮುಂಚೆ ಹೆಸರು ಹಿಡಿದು ಹೇಳಿಯೇ ಮುಟ್ಟು.

ದಿನದ ಕೆಲಸ ಬೇಗ ಕೈಗೆ ಹತ್ತುತ್ತದೆ. ಡಾಕ್ಟರ್ ಬೇಡ ಅನ್ನದಿದ್ದರೆ ತಲೆಭಾಗ 30ರಿಂದ 45 ಡಿಗ್ರಿ ಎತ್ತರ, ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು, ಒಂದು ಸಲದ ಸಕ್ಷನ್ 15 ಸೆಕೆಂಡ್ ದಾಟಬಾರದು. ಮೂತ್ರ ಗಂಟೆಗೆ ಕೆಜಿಗೆ 0.5 ಎಂಎಲ್‌ಗಿಂತ ಕಡಿಮೆ ಬಂದರೆ ಬರೆದು ಸುಮ್ಮನಾಗಬೇಡ, ಬಾಯಿಬಿಟ್ಟು ಹೇಳು. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಓಡುವ ಪಂಪ್ ಮಾತ್ರ ಒಬ್ಬಳೇ ಮುಟ್ಟಲೇಬೇಡ.

ನಿನ್ನದು ಮೆಡಿಕಲ್ ಐಸಿಯುನಾ, ಸರ್ಜಿಕಲ್ಲಾ? ಸರ್ಜಿಕಲ್ ಆದರೆ ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದವರು ಇರುತ್ತಾರೆ. ಅವರನ್ನು ತಿರುಗಿಸುವ ರೀತಿಯೇ ಬೇರೆ, ಇಡೀ ಮೈ ಒಟ್ಟಿಗೆ ಹೊರಳಬೇಕು, ಜನ ಬೇಕು. ಅದನ್ನು ಮಾಡಿದವರು ಯಾರಾದರೂ ಇಲ್ಲಿ ವಿವರವಾಗಿ ಬರೆಯಿರಿ.